ಹಳೇ ಡೆಸ್ಕ್‌ಟಾಪಿಗೆ ವೇಗದ ಯುಎಸ್‌ಬಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮುಂಬಯಿ, ಪುಣೆ, ಗೋವಾಗಳಿಂದ ಬಂದ ಆರು ಪತ್ರಗಳು ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಕೇಳಿವೆ. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ. ಮೊದಲ ಉತ್ತರ ಉದ್ದವಾಗಿದೆ. ಉಳಿದ ಉತ್ತರಗಳು ಅದನ್ನೇ ಆಧರಿಸಿರುವುದರಿಂದ ದಯವಿಟ್ಟು ಅದನ್ನು ಬಿಡದೆ ಓದಿ.

ಪ್ರಶ್ನೆ: ನಮ್ಮ ಸಂಘದ ಕಚೇರಿಯಲ್ಲಿ 2011ರಲ್ಲಿ ಕೊಂಡ ಡೆಸ್ಕ್‌ಟಾಪ್ ಇದೆ. ಐ3 ಪ್ರೊಸೆಸರ್, ಎಚ್61 ಮದರ್‌ಬೋರ್ಡ್, ವಿಂಡೋಸ್ 10. ಯಕ್ಷಗಾನ, ತಾಳಮದ್ದಳೆಯ ವಿಡಿಯೋಗಳನ್ನು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಹಾಕಲು ಗಂಟೆಗಟ್ಟಲೆ ಕಾಯಬೇಕು. ನೀಲಿ ಬಾಯಿಯ ಹಬ್ ಕೊಂಡು ಜೋಡಿಸಿದರೂ ವೇಗ ಏರಲಿಲ್ಲ. ಕಂಪ್ಯೂಟರನ್ನೇ ಬದಲಿಸಬೇಕೇ?
— ಡೊಂಬಿವಲಿ ಪೂರ್ವ

ಉತ್ತರ: ಬದಲಿಸಬೇಡಿ. ಕಂಪ್ಯೂಟರಿಗೆ ಆ ಕೆಲಸದ ಶಕ್ತಿ ಇದೆ, ಅದರ ಯುಎಸ್‌ಬಿ ಪೋರ್ಟುಗಳು ಮಾತ್ರ ಹಳೆಯವು. ಎಚ್61 ಚಿಪ್‌ಸೆಟ್ಟಿನಲ್ಲಿ (ಮದರ್‌ಬೋರ್ಡಿನ ಪೋರ್ಟು, ಸ್ಲಾಟುಗಳನ್ನು ನಿಭಾಯಿಸುವ ಚಿಪ್ಪು) ಇರುವುದು ಯುಎಸ್‌ಬಿ 2.0 ಪೋರ್ಟುಗಳು. ಲೆಕ್ಕದಲ್ಲಿ ಅವುಗಳ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಮೆಗಾಬೈಟ್ (ಎಂಟು ಬಿಟ್ ಸೇರಿದರೆ ಒಂದು ಬೈಟ್). ಕಡತ ನಕಲಾಗುವಾಗ ಕೈಗೆ ಸಿಗುವುದು ಸೆಕೆಂಡಿಗೆ 30ರಿಂದ 40 ಮೆಗಾಬೈಟ್ ಅಷ್ಟೇ. ನಿಮ್ಮಲ್ಲಿ 200 ಜಿಬಿ ವಿಡಿಯೋ ಇದ್ದರೆ ಸುಮಾರು ಒಂದೂ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅದೇ ಹಾರ್ಡ್‌ಡಿಸ್ಕ್ ಮುಂದಿನ ತಲೆಮಾರಿನ, ಸಾಮಾನ್ಯವಾಗಿ ನೀಲಿ ಬಾಯಿಯ 3.0 ಪೋರ್ಟಿನಲ್ಲಿ ಸೆಕೆಂಡಿಗೆ 110 ಮೆಗಾಬೈಟ್ ಬರೆದರೂ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಹಬ್ಬಿನಿಂದ ವೇಗ ಏರದಿರುವುದು ಸಹಜ. ಒಂದೇ ನಲ್ಲಿಗೆ ನಾಲ್ಕು ಪೈಪು ಸಿಕ್ಕಿಸಿದರೆ ನೀರು ಹೆಚ್ಚುವುದಿಲ್ಲ.

ನಿಮಗೆ ಬೇಕಾದದ್ದು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ಕೂರುವ ಯುಎಸ್‌ಬಿ 3.0 ಕಾರ್ಡು. ಕೊಳ್ಳುವ ಮುಂಚೆ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು ಸ್ಲಾಟು ನೋಡಿ. ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಪುಟ್ಟ ಸ್ಲಾಟು ಎಕ್ಸ್1. ಒಂಬತ್ತು ಸೆಂಟಿಮೀಟರಿನಷ್ಟು ಉದ್ದದ್ದು ಗ್ರಾಫಿಕ್ಸ್ ಕಾರ್ಡಿನ ಎಕ್ಸ್16. ಅದಕ್ಕಿಂತ ತುಸು ಗಿಡ್ಡದಾಗಿ, ಹೆಚ್ಚಾಗಿ ಬಿಳಿ ಬಣ್ಣದಲ್ಲಿರುವುದು ಹಳೇ ಪಿಸಿಐ, ಅದು ಈ ಕೆಲಸಕ್ಕೆ ಬರುವುದಿಲ್ಲ. ಎಕ್ಸ್1 ಖಾಲಿ ಇಲ್ಲದಿದ್ದರೆ ಎಕ್ಸ್16ರಲ್ಲೂ ಅದೇ ಪುಟ್ಟ ಕಾರ್ಡು ಕೆಲಸ ಮಾಡುತ್ತದೆ. ಆದರೆ ಇನ್ನೂ ಹಳೆಯ ಕೆಲವು ಬೋರ್ಡುಗಳಲ್ಲಿ ಉದ್ದದ ಸ್ಲಾಟಿಗೆ ಏನು ಹಾಕಿದರೂ ಬೋರ್ಡಿನದೇ ಡಿಸ್‌ಪ್ಲೇ ಬಂದ್ ಆಗುತ್ತದೆ. ಆದ್ದರಿಂದ ಮೊದಲ ಆಯ್ಕೆ ಎಕ್ಸ್1.

ಎಚ್61ರ ಎಕ್ಸ್1 ಸ್ಲಾಟು ಎರಡನೇ ತಲೆಮಾರಿನದು, ಸೆಕೆಂಡಿಗೆ 500 ಮೆಗಾಬೈಟ್ ದಾಟಿಸಬಲ್ಲದು. ತಿರುಗುವ ಹಾರ್ಡ್‌ಡಿಸ್ಕಿಗೆ ಇದು ಬೇಕಾದ್ದಕ್ಕಿಂತ ಹೆಚ್ಚು. ಇನ್ನೂ ಹಳೆಯ ಜಿ31, ಜಿ41 ಬೋರ್ಡು ಇರುವವರಿಗೆ ಅದರ ಅರ್ಧ, ಅಂದರೆ 250 ಸಿಗುತ್ತದೆ. ಹಾರ್ಡ್‌ಡಿಸ್ಕಿಗೆ ಅದೂ ಸಾಕು, ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕು) ಜೋಡಿಸಿದರೆ ಮಾತ್ರ ಸ್ಲಾಟೇ ಅಡ್ಡ ಬರುತ್ತದೆ. ಬೋರ್ಡಿನ ಹೆಸರು ಗೊತ್ತಿಲ್ಲದವರು ಉಚಿತವಾಗಿ ಸಿಗುವ ಸಿಪಿಯು-ಝಡ್ ತಂತ್ರಾಂಶದ ಮೇನ್‌ಬೋರ್ಡ್ ಪುಟ ನೋಡಬಹುದು, ಇಲ್ಲವೇ ಸ್ಲಾಟುಗಳ ನಡುವೆ ಅಚ್ಚಾದ ಅಕ್ಷರ ಓದಬಹುದು.

ಇನ್ನು ಅಂಗಡಿ. ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ ಇಂಥ ಕಾರ್ಡುಗಳು ಸಿಗುತ್ತವೆ. ಡಬ್ಬಿಯ ಮೇಲಿನ ಬ್ರಾಂಡಿಗಿಂತ ಕಾರ್ಡಿನ ಮೇಲಿನ ಕಪ್ಪು ಚಿಪ್ಪಿನ ಬರಹ ಮುಖ್ಯ. ರೆನೆಸಾಸ್ 720201, ವಿಐಎ ವಿಎಲ್805, ಎಎಸ್‌ಮೀಡಿಯಾ 1042 ಅಥವಾ ಅದರ ಮುಂದಿನವು, ಫ್ರೆಸ್ಕೋ ಎಫ್‌ಎಲ್1100: ಇವುಗಳಲ್ಲಿ ಯಾವುದಾದರೂ ಆದೀತು. ಏಳು ಪೋರ್ಟಿನ ಕಾರ್ಡಿನ ಆಸೆಗೆ ಬೀಳಬೇಡಿ. ಅದರಲ್ಲಿ ಒಳಗೊಂದು ಹಬ್ ಇರುತ್ತದೆ, ಎಲ್ಲ ಪೋರ್ಟುಗಳೂ ಅದೇ ಒಂದು ಎಕ್ಸ್1 ಸ್ಲಾಟನ್ನು ಹಂಚಿಕೊಳ್ಳುತ್ತವೆ. ನಿಮ್ಮ ಕೆಲಸಕ್ಕೆ ಎರಡು ಅಥವಾ ನಾಲ್ಕು ಪೋರ್ಟು ಸಾಕು. ಇನ್ನೊಂದು ಎಚ್ಚರಿಕೆ: ಎಕ್ಸ್1 ಪಟ್ಟಿಯೂ ನೀಲಿ ಯುಎಸ್‌ಬಿ ಕೇಬಲ್ಲೂ ಇರುವ ‘ರೈಸರ್’ ಅನ್ನುವ ಸಾಮಾನು ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿ ಸಿಗುತ್ತದೆ. ಅದು ಗ್ರಾಫಿಕ್ಸ್ ಕಾರ್ಡನ್ನು ದೂರದಲ್ಲಿಡುವ ಸಾಧನ. ಅದರ ಕೇಬಲ್ಲಿನಲ್ಲಿ ಹರಿಯುವುದು ಯುಎಸ್‌ಬಿ ಸಂಕೇತವೇ ಅಲ್ಲ. ಅದಕ್ಕೆ ಹಾರ್ಡ್‌ಡಿಸ್ಕನ್ನಾಗಲಿ ಪೆನ್‌ಡ್ರೈವನ್ನಾಗಲಿ ಚುಚ್ಚಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ವಿದ್ಯುತ್ತು. ‘ಕಾರ್ಡು ಹಾಳು’ ಎಂದು ಹಿಂತಿರುಗಿಸುವವರಲ್ಲಿ ಬಹಳ ಜನ ಕಾರ್ಡಿನ ಹಿಂಬದಿಯ ಪವರ್ ಸಾಕೆಟ್ಟನ್ನು ಖಾಲಿ ಬಿಟ್ಟಿರುತ್ತಾರೆ. 2.0 ಪೋರ್ಟು ಕೊಡಬೇಕಾದದ್ದು 500 ಮಿಲಿಆಂಪಿಯರ್, 3.0 ಪೋರ್ಟು 900. ನಾಲ್ಕು ಪೋರ್ಟು, ತಲಾ 900, 5 ವೋಲ್ಟ್: ಒಟ್ಟು 18 ವಾಟ್. ಎಕ್ಸ್1 ಕಾರ್ಡು ಸ್ಲಾಟಿನಿಂದ ಸಾಮಾನ್ಯವಾಗಿ ಎಳೆಯಬಹುದಾದದ್ದು 10 ವಾಟ್. ಮೇಲಾಗಿ ಆ ಸ್ಲಾಟಿನಲ್ಲಿ 3.3 ಮತ್ತು 12 ವೋಲ್ಟ್ ಮಾತ್ರ ಇದೆ, 5 ವೋಲ್ಟೇ ಇಲ್ಲ. ಅದಕ್ಕೇ ಕಾರ್ಡಿನಲ್ಲಿ ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್ಟಿನೊಳಗಿನ ಪವರ್ ಪೆಟ್ಟಿಗೆ) ಬರುವ ನಾಲ್ಕು ಪಿನ್ನಿನ ಮೋಲೆಕ್ಸ್ ಅಥವಾ ಹದಿನೈದು ಪಿನ್ನಿನ ಸಾಟಾ ಪವರಿಗೆ ಜಾಗ ಇಟ್ಟಿರುತ್ತಾರೆ. ಮೋಲೆಕ್ಸಿನ ಕೆಂಪು ತಂತಿ 5 ವೋಲ್ಟ್, ಹಳದಿ 12, ಎರಡು ಕಪ್ಪು ಗ್ರೌಂಡ್. ಎರಡೂವರೆ ಇಂಚಿನ ಹಾರ್ಡ್‌ಡಿಸ್ಕು ತಿರುಗಲು ಶುರುವಾಗುವ ಕ್ಷಣದಲ್ಲಿ ಒಂದು ಆಂಪಿಯರಿನ ಹತ್ತಿರ ಎಳೆಯುತ್ತದೆ. ಆಗ 5 ವೋಲ್ಟ್ ಕುಸಿದರೆ ಡಿಸ್ಕು ಟಿಕ್ ಟಿಕ್ ಎನ್ನುತ್ತದೆ, ಕಾಣಿಸಿಕೊಂಡು ಮಾಯವಾಗುತ್ತದೆ. ನಕಲು ಅರ್ಧದಲ್ಲಿ ನಿಂತು ಕಡತಗಳು ಕೆಡುವುದೂ ಉಂಟು. ಪವರ್ ಸಾಕೆಟ್ ಇರುವ ಕಾರ್ಡನ್ನೇ ಕೊಳ್ಳಿ, ಅದಕ್ಕೆ ತಪ್ಪದೆ ಪವರ್ ಕೊಡಿ.

ಜೋಡಣೆ ಹದಿನೈದು ನಿಮಿಷದ ಕೆಲಸ. ಕಂಪ್ಯೂಟರ್ ಆರಿಸಿ ಗೋಡೆಯ ಪ್ಲಗ್ಗು ಕೀಳಿ. ಆಮೇಲೆ ಪವರ್ ಬಟನ್ನನ್ನು ಐದಾರು ಸೆಕೆಂಡು ಒತ್ತಿ ಹಿಡಿದರೆ ಒಳಗೆ ಉಳಿದ ವಿದ್ಯುತ್ತು ಇಳಿಯುತ್ತದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತು ಕಳೆದುಕೊಳ್ಳಿ. ಸ್ಲಾಟಿನ ಎದುರಿನ ತಗಡಿನ ಪಟ್ಟಿ ತೆಗೆದು, ಕಾರ್ಡಿನ ಎರಡು ತುದಿ ಹಿಡಿದು ನೇರವಾಗಿ ಒತ್ತಿ. ಚಿನ್ನದ ಬಣ್ಣದ ಅಂಚು ಪೂರ್ತಿ ಮುಳುಗಬೇಕು. ಸ್ಕ್ರೂ ಬಿಗಿಸಿದ ಮೇಲೆ ಮತ್ತೊಮ್ಮೆ ನೋಡಿ, ಕಾರ್ಡಿನ ತಗಡಿನ ಪಟ್ಟಿ ಸೊಟ್ಟಗಿದ್ದರೆ ಸ್ಕ್ರೂ ಬಿಗಿಯುವಾಗ ಕಾರ್ಡಿನ ಇನ್ನೊಂದು ತುದಿ ಮೇಲೇಳುತ್ತದೆ. ಕೊನೆಗೆ ಪವರ್ ಕೇಬಲ್. ವರ್ಷಗಟ್ಟಲೆ ಖಾಲಿ ಇದ್ದ ಸ್ಲಾಟಿನಲ್ಲಿ ಧೂಳು ಕೂತಿರುತ್ತದೆ, ಮೊದಲು ಒಣ ಬ್ರಷ್ಷಿನಿಂದ ತೆಗೆಯಿರಿ.

ವಿಂಡೋಸ್ 8ರಿಂದ ಮುಂದಿನವುಗಳಲ್ಲಿ 3.0ರ ಡ್ರೈವರ್ (ಕಾರ್ಡನ್ನು ನಡೆಸುವ ಪುಟ್ಟ ತಂತ್ರಾಂಶ) ಒಳಗೇ ಇದೆ, ನಿಮ್ಮ ವಿಂಡೋಸ್ 10 ತಾನಾಗಿ ಗುರುತಿಸುತ್ತದೆ. ಲಿನಕ್ಸಿನಲ್ಲಿ 2009ರಿಂದಲೇ ಇದೆ. ಆದರೆ ಬಯಾಸಿಗೆ (ವಿಂಡೋಸಿಗೂ ಮುಂಚೆ ಓಡುವ ಬೋರ್ಡಿನದೇ ತಂತ್ರಾಂಶ) ಈ ಕಾರ್ಡಿನ ಪರಿಚಯ ಸಾಮಾನ್ಯವಾಗಿ ಇರುವುದಿಲ್ಲ. ಕೀಬೋರ್ಡನ್ನು ಇದಕ್ಕೆ ಹಾಕಿದರೆ ಬಯಾಸ್ ಪುಟಕ್ಕೆ ಹೋಗಲಾಗದು, ಇದರಲ್ಲಿ ಹಾಕಿದ ಪೆನ್‌ಡ್ರೈವಿನಿಂದ ಬೂಟ್ ಮಾಡಲಾಗದು. ಕೀಬೋರ್ಡು, ಮೌಸು, ಪ್ರಿಂಟರು ಹಳೇ ಪೋರ್ಟಿನಲ್ಲೇ ಇರಲಿ.

ಇಷ್ಟಾದ ಮೇಲೂ ವೇಗ 35ರಲ್ಲೇ ನಿಂತರೆ ಕೇಬಲ್ ನೋಡಿ. ಎಕ್ಸ್‌ಟರ್ನಲ್ ಡಿಸ್ಕಿನ ಅಗಲ ಬಾಯಿಗೆ ಮೊಬೈಲ್ ಚಾರ್ಜರಿನ ಹಳೇ ಮೈಕ್ರೋ ಕೇಬಲ್ ಕೂಡ ಅರ್ಧ ಭಾಗದಲ್ಲಿ ಕೂರುತ್ತದೆ. ಡಿಸ್ಕು ಓಡುತ್ತದೆ, ಆದರೆ 2.0 ವೇಗದಲ್ಲಿ. ಕೇಬಲ್ ಸರಿ ಇದ್ದರೆ ಪ್ಲಗ್ಗು ಕಿತ್ತು, ತಡವರಿಸದೆ ಒಂದೇ ಸಲಕ್ಕೆ ಪೂರ್ತಿ ಒಳತಳ್ಳಿ. 3.0 ಪ್ಲಗ್ಗಿನಲ್ಲಿ ಹಳೆಯ ನಾಲ್ಕು ಸಂಪರ್ಕ ಮೊದಲು ತಾಗುತ್ತವೆ, ವೇಗದ ಐದು ಸಂಪರ್ಕ ಆಮೇಲೆ. ನಿಧಾನವಾಗಿ ತಳ್ಳಿದರೆ ಡಿಸ್ಕು 2.0 ಎಂದೇ ನೋಂದಾಯಿಸಿಕೊಂಡು ಕೂತುಬಿಡುತ್ತದೆ.

ಪ್ರಶ್ನೆ: ವರ್ಕ್‌ಶಾಪಿನಲ್ಲಿ ಬ್ರಾಂಡೆಡ್ ಸ್ಲಿಮ್ ಡೆಸ್ಕ್‌ಟಾಪ್ ಇದೆ. ಮೆಶೀನಿನ ಸಾಫ್ಟ್‌ವೇರ್ ವಿಂಡೋಸ್ 7ರಲ್ಲಿ ಮಾತ್ರ ಓಡುವುದರಿಂದ ಅದನ್ನು ಬದಲಿಸುವಂತಿಲ್ಲ. ತಾಪ್ಕೀರ್ ಗಲ್ಲಿಯಿಂದ ತಂದ 3.0 ಕಾರ್ಡು ಕ್ಯಾಬಿನೆಟ್ಟಿನಲ್ಲಿ ಕೂರುತ್ತಿಲ್ಲ. ಮುಚ್ಚಳ ತೆಗೆದು ಕಾರ್ಡಿನ ತಗಡಿನ ಪಟ್ಟಿ ಬಿಚ್ಚಿ ಹಾಗೇ ಹಾಕಿದರೆ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ ಬರುತ್ತದೆ.
— ಭೋಸರಿ, ಪುಣೆ

ಉತ್ತರ: ನಿಮ್ಮದು ಎರಡು ಬೇರೆ ಬೇರೆ ತೊಂದರೆ. ಸ್ಲಿಮ್ ಕ್ಯಾಬಿನೆಟ್ಟಿಗೆ ಬೇಕಾದ್ದು ಲೋ ಪ್ರೊಫೈಲ್ ಪಟ್ಟಿ, ಸುಮಾರು 8 ಸೆಂಟಿಮೀಟರ್ ಎತ್ತರದ್ದು. ಮಾಮೂಲಿ ಪಟ್ಟಿ 12 ಸೆಂಟಿಮೀಟರ್. ಎಷ್ಟೋ ಕಾರ್ಡುಗಳ ಡಬ್ಬಿಯಲ್ಲಿ ಎರಡೂ ಇರುತ್ತವೆ, ಡಬ್ಬಿ ಮತ್ತೆ ನೋಡಿ. ಇಲ್ಲದಿದ್ದರೆ ಕಾರ್ಡು ಬದಲಾಯಿಸಿಕೊಳ್ಳಿ. ಪಟ್ಟಿ ಇಲ್ಲದೆ ಓಡಿಸುವುದು ಖಂಡಿತ ಬೇಡ. ಒಂದು ಸಲ ಕೇಬಲ್ ಎಳೆದರೂ ಕಾರ್ಡು ಓರೆಯಾಗಿ ಸ್ಲಾಟಿನ ಸಂಪರ್ಕಗಳು ಒಂದಕ್ಕೊಂದು ತಾಗಬಹುದು.

ಹಳದಿ ತ್ರಿಕೋನಕ್ಕೆ ಕಾರಣ, ವಿಂಡೋಸ್ 7ರಲ್ಲಿ 3.0ರ ಡ್ರೈವರ್ ಇಲ್ಲದಿರುವುದು. ತ್ರಿಕೋನದ ಮೇಲೆ ಡಬಲ್ ಕ್ಲಿಕ್ ಮಾಡಿ ಕೋಡ್ ಓದಿ. 28 ಎಂದಿದ್ದರೆ ಡ್ರೈವರ್ ಹಾಕಿಲ್ಲ ಎಂದರ್ಥ. ಚಿಪ್ಪಿನ ಹೆಸರು ಓದಿ, ಅದೇ ಚಿಪ್ಪಿನ ವಿಂಡೋಸ್ 7 ಡ್ರೈವರನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿ, ಹಳೇ ಪೋರ್ಟಿನ ಮೂಲಕ ತಂದು ಹಾಕಿ. 32 ಬಿಟ್ಟೋ 64 ಬಿಟ್ಟೋ ಮೊದಲೇ ನೋಡಿಕೊಳ್ಳಿ. ಡ್ರೈವರ್ ಹಾಕಿದ ಮೇಲೆ 52 ಬಂದರೆ ಡ್ರೈವರಿನ ಡಿಜಿಟಲ್ ಸಹಿಯನ್ನು ನಿಮ್ಮ ವಿಂಡೋಸ್ ಒಪ್ಪುತ್ತಿಲ್ಲ. ಹೊಸ ಡ್ರೈವರುಗಳಲ್ಲಿರುವ ಎಸ್‌ಎಚ್‌ಎ-2 ಸಹಿ, ಅಪ್‌ಡೇಟ್ ಆಗದ ವಿಂಡೋಸ್ 7ಕ್ಕೆ ಅರ್ಥವಾಗುವುದಿಲ್ಲ. ಅದಕ್ಕೆ ಸಂಬಂಧಿಸಿದ ಅಪ್‌ಡೇಟ್ ಹಾಕಿ, ಇಲ್ಲವೇ ಡ್ರೈವರಿನ ಹಳೆಯ ಆವೃತ್ತಿ ಬಳಸಿ. ಕೋಡ್ 10 ಬಂದರೆ ಮಾತ್ರ ಕಾರ್ಡನ್ನೇ ಅನುಮಾನಿಸಿ, ಅದೂ ಪವರ್ ಕೇಬಲ್ ನೋಡಿದ ನಂತರ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2020ರ ಜನವರಿ 14ರಂದು. ಆ ಯಂತ್ರವನ್ನು ಇಂಟರ್‌ನೆಟ್ಟಿನಿಂದ ದೂರ ಇಡಿ.

ಸ್ಲಿಮ್ ಯಂತ್ರದಲ್ಲಿ ಮೋಲೆಕ್ಸ್ ಹೆಚ್ಚಾಗಿ ಇರುವುದಿಲ್ಲ. ತೆಳು ಡಿವಿಡಿ ಡ್ರೈವಿನ ಪವರ್ ಆರು ಪಿನ್ನಿನದು, ಅದು ಹೊಂದುವುದಿಲ್ಲ. ಹಾರ್ಡ್‌ಡಿಸ್ಕಿನ ಹದಿನೈದು ಪಿನ್ನಿನ ಸಾಟಾ ಪವರನ್ನು ವೈ ಕೇಬಲ್ಲಿನಿಂದ ಎರಡು ಮಾಡಿ. ಆ ಕೇಬಲ್ ಕೊಳ್ಳುವಾಗ ತಂತಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಒಂದೇ ಮುದ್ದೆಯಾಗಿ ಎರಕ ಹೊಯ್ದದ್ದು ಬೇಡ. ಒಳಗೆ ತಂತಿಗಳು ಸರಿದು ಶಾರ್ಟ್ ಆಗಿ ಸುಟ್ಟುಹೋಗುವುದಕ್ಕೆ ಈ ಬಗೆಯ ಕನೆಕ್ಟರ್ ಕುಖ್ಯಾತ. ಒಂದೊಂದು ತಂತಿಯೂ ಬೇರೆಯಾಗಿ ಕಾಣುವ, ಹಿಂಬದಿಯಲ್ಲಿ ಕ್ಯಾಪ್ ಒತ್ತಿ ಕೂರಿಸಿದ ಬಗೆಯದನ್ನು ಕೇಳಿ.

ಪ್ರಶ್ನೆ: ಹೋಟೆಲಿನ ಗಲ್ಲಾದಲ್ಲಿರುವ ಬಿಲ್ಲಿಂಗ್ ಕಂಪ್ಯೂಟರಿಗೆ ಬಿಲ್ ಪ್ರಿಂಟರ್, ಅಡುಗೆಮನೆಯ ಪ್ರಿಂಟರ್, ಕೀಬೋರ್ಡು, ಮೌಸು, ವೈಫೈ ಡಾಂಗಲ್, ಬ್ಯಾಕಪ್ಪಿನ ಪೆನ್‌ಡ್ರೈವ್ ಎಲ್ಲ ಬೇಕು. ಪೋರ್ಟು ನಾಲ್ಕೇ ಇವೆ. ವೈರು ಬದಲಿಸಿದಾಗಲೆಲ್ಲ ಬಿಲ್ಲು ಬರುವುದು ನಿಲ್ಲುತ್ತದೆ. 3.0 ಕಾರ್ಡು ಹಾಕಿಸಲೇ?
— ಸಯನ್, ಮುಂಬಯಿ

ಉತ್ತರ: ಬೇಡ. ನಿಮಗೆ ಕಡಿಮೆ ಬಿದ್ದಿರುವುದು ಪೋರ್ಟುಗಳ ಸಂಖ್ಯೆ. ಈ ಸಾಧನಗಳಲ್ಲಿ ಒಂದಕ್ಕೂ 3.0 ವೇಗ ಬೇಡ. ಮದರ್‌ಬೋರ್ಡಿನ ಮೇಲೆ ಒಂಬತ್ತು ಪಿನ್ನಿನ ಯುಎಸ್‌ಬಿ ಹೆಡರ್ (ಕೇಬಲ್ ಸಿಕ್ಕಿಸುವ ಪಿನ್ನುಗಳ ಗುಂಪು) ಒಂದೆರಡು ಖಾಲಿ ಇರುತ್ತವೆ. ಎರಡು ಪೋರ್ಟಿರುವ ಹಿಂಬದಿಯ ಪಟ್ಟಿಯನ್ನು ಅದಕ್ಕೆ ಸಿಕ್ಕಿಸಿದರೆ ನಾಲ್ಕಕ್ಕೆ ಆರಾಗುತ್ತದೆ. ಡ್ರೈವರ್ ಬೇಕಿಲ್ಲ, ಬಯಾಸಿಗೂ ಇವು ಗೊತ್ತು. ಅದು ಸಾಲದಿದ್ದರೆ ತನ್ನದೇ ಅಡಾಪ್ಟರ್ ಇರುವ ಹಬ್ ಕೊಳ್ಳಿ.

ಬಿಲ್ಲು ನಿಲ್ಲುವುದಕ್ಕೆ ಕಾರಣ ಬೇರೆ. ಎಷ್ಟೋ ಥರ್ಮಲ್ ಪ್ರಿಂಟರುಗಳನ್ನು ಪೋರ್ಟು ಬದಲಿಸಿ ಚುಚ್ಚಿದರೆ ವಿಂಡೋಸ್ ಅದನ್ನು ಹೊಸ ಪ್ರಿಂಟರ್ ಎಂದು ತಿಳಿದು, ಅದೇ ಹೆಸರಿಗೆ ‘ಕಾಪಿ 1’ ಸೇರಿಸಿ ಇನ್ನೊಂದು ನಮೂದು ಮಾಡುತ್ತದೆ. ಬಿಲ್ಲಿಂಗ್ ತಂತ್ರಾಂಶ ಹಳೇ ಹೆಸರಿಗೇ ಕಳುಹಿಸುತ್ತಿರುತ್ತದೆ, ಬಿಲ್ಲುಗಳು ಅಲ್ಲೇ ಸಾಲುಗಟ್ಟುತ್ತವೆ. ಹಳೇ ಪ್ರಿಂಟರಿನ ‘ಪ್ರಿಂಟರ್ ಪ್ರಾಪರ್ಟೀಸ್’ ತೆರೆದು, ‘ಪೋರ್ಟ್ಸ್’ ಪುಟದಲ್ಲಿ ಯುಎಸ್‌ಬಿ001 ಇರುವಲ್ಲಿ ಯುಎಸ್‌ಬಿ002 ಅಥವಾ ಈಗ ಯಾವುದು ಕಾಣುತ್ತದೋ ಅದಕ್ಕೆ ಗುರುತು ಹಾಕಿ. ಎರಡು ಪ್ರಿಂಟರ್ ಇರುವುದರಿಂದ ಒಂದೊಂದಕ್ಕೂ ಒಂದು ಪೋರ್ಟು ಖಾಯಂ ಮಾಡಿ, ಪೋರ್ಟಿನ ಮೇಲೂ ವೈರಿನ ಮೇಲೂ ಒಂದೇ ಬಣ್ಣದ ಚೀಟಿ ಅಂಟಿಸಿ. ಹಾಗೆ ಮಾಡಿದರೆ ಗುಡಿಸುವವರು ವೈರು ಕಿತ್ತರೂ ಸರಿಯಾದ ಜಾಗಕ್ಕೆ ಮರಳುತ್ತದೆ.

ಪ್ರಶ್ನೆ: ಹಳೇ ಮದರ್‌ಬೋರ್ಡನ್ನು ಹೊಸ ಕ್ಯಾಬಿನೆಟ್ಟಿಗೆ ಹಾಕಿದೆವು. ಮುಂಭಾಗದ ನೀಲಿ ಪೋರ್ಟಿನ ದಪ್ಪ ಕೇಬಲ್ಲಿಗೆ ಬೋರ್ಡಿನಲ್ಲಿ ಜಾಗವೇ ಇಲ್ಲ. ಅಡಾಪ್ಟರ್ ಸಿಗುತ್ತದೆ ಎನ್ನುತ್ತಾರೆ.
— ಠಾಣೆ

ಉತ್ತರ: ಸಿಗುತ್ತದೆ. ಹತ್ತೊಂಬತ್ತು ಪಿನ್ನಿನ ಕೇಬಲ್ಲನ್ನು ಒಂಬತ್ತು ಪಿನ್ನಿನ ಹೆಡರಿಗೆ ಜೋಡಿಸುವ ಅಡಾಪ್ಟರ್ ಅದು. ಪೋರ್ಟು ಕೆಲಸ ಮಾಡುತ್ತದೆ, ಬಣ್ಣ ನೀಲಿ ಇದ್ದರೂ ವೇಗ 2.0ರದ್ದೇ. ನಿಜವಾದ ವೇಗ ಬೇಕಿದ್ದರೆ ಒಳಮುಖವಾಗಿ ಹತ್ತೊಂಬತ್ತು ಪಿನ್ನಿನ ಹೆಡರ್ ಇರುವ 3.0 ಕಾರ್ಡು ಕೊಳ್ಳಿ. ಈ ಕನೆಕ್ಟರ್ ಬಿಗಿ, ಇದರ ಪಿನ್ನುಗಳು ಸೂಕ್ಷ್ಮ. ಕೀಳುವಾಗ ಅತ್ತಿತ್ತ ಅಲ್ಲಾಡಿಸಿದರೆ ಪಿನ್ನು ಬಾಗುತ್ತದೆ, ಕೆಲವೊಮ್ಮೆ ಹೆಡರಿನ ಪ್ಲಾಸ್ಟಿಕ್ ಕವಚವೇ ಕಿತ್ತು ಬರುತ್ತದೆ. ನೇರವಾಗಿ ಮೇಲಕ್ಕೆ ಎಳೆಯಿರಿ.

ಪ್ರಶ್ನೆ: ಸಮುದ್ರದ ಹತ್ತಿರ ಮನೆ. ಡೆಸ್ಕ್‌ಟಾಪಿನ ಮುಂದಿನ ಎರಡು ಯುಎಸ್‌ಬಿ ಪೋರ್ಟುಗಳಲ್ಲಿ ಹಸಿರು ಕಿಲುಬು ಹಿಡಿದಿದೆ. ಈಗ ಕಂಪ್ಯೂಟರ್ ಹಾಕಿದರೆ ಯುಎಸ್‌ಬಿ ಓವರ್ ಕರೆಂಟ್ ಎಂಬ ಸೂಚನೆ ತೋರಿಸಿ, 15 ಸೆಕೆಂಡಿನಲ್ಲಿ ತಾನೇ ಆರುತ್ತದೆ. ಬೋರ್ಡು ಹೋಯಿತೇ?
— ವಾಸ್ಕೋ, ಗೋವಾ

ಉತ್ತರ: ಬಹುಶಃ ಇಲ್ಲ. ಆ ಸೂಚನೆ ಬೋರ್ಡು ತನ್ನನ್ನು ಕಾಪಾಡಿಕೊಳ್ಳುತ್ತಿರುವ ಗುರುತು. ಯಾವುದೋ ಪೋರ್ಟಿನಲ್ಲಿ 5 ವೋಲ್ಟ್ ಮತ್ತು ಗ್ರೌಂಡ್ ತಾಗುತ್ತಿವೆ. ಮೊದಲು ಎಲ್ಲ ಯುಎಸ್‌ಬಿ ಸಾಧನ ಕಿತ್ತು ನೋಡಿ. ಹೋಗದಿದ್ದರೆ ಪ್ಲಗ್ಗು ತೆಗೆದು, ಮುಂಭಾಗದಿಂದ ಬರುವ ಒಂಬತ್ತು ಪಿನ್ನಿನ ಕೇಬಲ್ಲನ್ನು ಬೋರ್ಡಿನಿಂದ ಬಿಡಿಸಿಟ್ಟು ಕಂಪ್ಯೂಟರನ್ನು ಮತ್ತೆ ಹಾಕಿ. ಕಂಪ್ಯೂಟರ್ ಸಲೀಸಾಗಿ ಎದ್ದರೆ ದೋಷ ಮುಂದಿನ ಪೋರ್ಟಿನದೇ. ಆಗಲೂ ಸೂಚನೆ ಬಂದರೆ ಹಿಂದಿನ ಪೋರ್ಟುಗಳಿಗೆ ಟಾರ್ಚ್ ಬಿಟ್ಟು, ಬಾಗಿದ ಸಂಪರ್ಕವಾಗಲಿ ಮುರಿದ ಪ್ಲಾಸ್ಟಿಕ್ ನಾಲಿಗೆಯಾಗಲಿ ಇದೆಯೇ ನೋಡಿ.

ಕಿಲುಬು ಮುಂದಿನ ಪೋರ್ಟಿನಲ್ಲೇ ಏಕೆ ಹೆಚ್ಚು? ಉಪ್ಪಿನ ತೇವ ಕೂತ ಲೋಹದ ಮೇಲೆ 5 ವೋಲ್ಟ್ ಸದಾ ಇದ್ದರೆ ತಾಮ್ರ ಬೇಗ ಕರಗಿ ಹಸಿರಾಗುತ್ತದೆ. ಬಹಳ ಬೋರ್ಡುಗಳಲ್ಲಿ ಕಂಪ್ಯೂಟರ್ ಆರಿಸಿದ ಮೇಲೂ ಪೋರ್ಟಿಗೆ ವಿದ್ಯುತ್ತು ಹೋಗುತ್ತಲೇ ಇರುತ್ತದೆ, ಮೌಸಿನ ಕೆಂಪು ದೀಪ ರಾತ್ರಿಯೂ ಉರಿಯುವುದು ಅದಕ್ಕೇ. ರಾತ್ರಿ ಗೋಡೆಯ ಸ್ವಿಚ್ಚು ಆರಿಸುವುದೇ ಅರ್ಧ ಔಷಧ. ಬಳಸದ ಪೋರ್ಟಿಗೆ ರಬ್ಬರ್ ಮುಚ್ಚಳ ಹಾಕಿ.

ಕಿಲುಬು ತೆಳುವಾಗಿದ್ದರೆ 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೆತ್ತನೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒಂದು ಗಂಟೆ ಒಣಗಲು ಬಿಡಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬಳಸಬೇಡಿ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ಸಂಪರ್ಕಗಳೇ ತಿಂದುಹೋಗಿದ್ದರೆ ಮುಂಭಾಗದ ಪುಟ್ಟ ಬೋರ್ಡನ್ನೇ ಬದಲಿಸಿ, ಇಲ್ಲವೇ ಆ ಹೆಡರಿಗೆ ಹಿಂಬದಿಯ ಪಟ್ಟಿ ಹಾಕಿ ಮುಂದಿನ ಪೋರ್ಟು ಮರೆತುಬಿಡಿ. ಹಿಂದಿನ ಪೋರ್ಟನ್ನು ಬೆಸುಗೆ ಕಿತ್ತು ಬದಲಿಸುವ ಸಾಹಸ ಹಳೇ ಬೋರ್ಡಿಗೆ ಲಾಭವಲ್ಲ. ಪದರಗಟ್ಟಿದ ಬೋರ್ಡಿನ ಗ್ರೌಂಡ್ ತಾಮ್ರ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ, ಬೆಸುಗೆ ಕರಗುವಷ್ಟರಲ್ಲಿ ಪಕ್ಕದ ಗೆರೆಗಳು ಕಿತ್ತು ಬರುತ್ತವೆ.

ಹೆಡರಿಗೆ ಕೇಬಲ್ ಮರಳಿ ಹಾಕುವಾಗ ಎರಡು ಎಚ್ಚರ. ಹಳೇ ಕ್ಯಾಬಿನೆಟ್ಟಿನಲ್ಲಿ ತಂತಿಗಳು ಬಿಡಿಬಿಡಿಯಾಗಿ ಇದ್ದರೆ ಸಾಲಿನಲ್ಲಿ ಕೆಂಪು, ಬಿಳಿ, ಹಸಿರು, ಕಪ್ಪು ಬರಬೇಕು. ಕೆಂಪು ಕಪ್ಪು ಅದಲುಬದಲಾದರೆ ಚುಚ್ಚಿದ ಪೆನ್‌ಡ್ರೈವ್ ಸುಟ್ಟಂತೆ. ಎರಡನೆಯದು: ಆ ಕಾಲದ ಕೆಲವು ಬೋರ್ಡುಗಳಲ್ಲಿ ಇದೇ ಆಕಾರದ, 1394 ಎಂದು ಅಚ್ಚಾದ ಫೈರ್‌ವೈರ್ ಹೆಡರ್ ಇದೆ. ಅದರಲ್ಲಿ ಬರುವುದು 12 ವೋಲ್ಟ್. ಯುಎಸ್‌ಬಿ ಕೇಬಲ್ಲನ್ನು ಅಲ್ಲಿಗೆ ಹಾಕಿದರೆ ಮುಂದೆ ಚುಚ್ಚುವ ಸಾಧನ ಬದುಕುವುದಿಲ್ಲ. ಅಕ್ಷರ ಓದಿಯೇ ಒತ್ತಿ.

ಪ್ರಶ್ನೆ: 3.0 ಕಾರ್ಡು ಹಾಕಿಸಿದ ದಿನದಿಂದ ವೈರ್‌ಲೆಸ್ ಮೌಸು ಹಿಡಿದು ಹಿಡಿದು ಚಲಿಸುತ್ತದೆ. ಹಾರ್ಡ್‌ಡಿಸ್ಕ್ ಕಿತ್ತರೆ ಸರಿಯಾಗುತ್ತದೆ. ಕಾರ್ಡು ದೋಷವೇ?
— ಮುಲುಂಡ್, ಮುಂಬಯಿ

ಉತ್ತರ: ಅಲ್ಲ. 3.0 ಸಂಪರ್ಕದಲ್ಲಿ ದತ್ತಾಂಶ ಹರಿಯುವಾಗ ಹೊಮ್ಮುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಲೂ ಹರಡುತ್ತದೆ. ಮೌಸಿನ ಡಾಂಗಲ್ ಮಾತಾಡುವುದೂ ಅಲ್ಲೇ. ಇಂಟೆಲ್ ಕಂಪೆನಿ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಡಾಂಗಲ್ಲನ್ನು ಕಾರ್ಡಿನಿಂದ ತೆಗೆದು ಕ್ಯಾಬಿನೆಟ್ಟಿನ ಮುಂದಿನ 2.0 ಪೋರ್ಟಿಗೆ ಹಾಕಿ. ಮುಂದೆ ಪೋರ್ಟು ಇಲ್ಲದಿದ್ದರೆ ಒಂದು ಮೀಟರಿನ 2.0 ಎಕ್ಸ್‌ಟೆನ್ಷನ್ ಕೇಬಲ್ಲಿನಿಂದ ಡಾಂಗಲ್ಲನ್ನು ಮೇಜಿನ ಮೇಲೆ ತನ್ನಿ, ಹಾರ್ಡ್‌ಡಿಸ್ಕಿನ ಕೇಬಲ್ಲಿಗೆ ತಾಗದಂತೆ ಇಡಿ. ವೈಫೈ ಡಾಂಗಲ್ ಇದ್ದರೆ ಅದಕ್ಕೂ ಹೀಗೇ ಮಾಡಿ, ಅಥವಾ ರೂಟರಿನಲ್ಲಿ 5 ಗಿಗಾಹರ್ಟ್ಸ್ ಆಯ್ಕೆ ಇದ್ದು ಡಾಂಗಲ್ಲಿಗೂ ಅದು ಬರುವುದಾದರೆ ಅದಕ್ಕೆ ಬದಲಾಯಿಸಿಕೊಳ್ಳಿ.